ಬಿಡುಗಡೆ ಚೀಟಿಯನ್ನು ಓದುವವರು ಯಾರು?

ನಮ್ಮ ಮಾಮು ರಬಕವಿಯಲ್ಲಿ ಬದುಕಿನ ಬಹುಭಾಗವನ್ನು ಮಗ್ಗದ ಮುಂದೆಯೇ ಕಳೆದವರು. ಮೊದಲು ಕೈಮಗ್ಗ, ಆಮೇಲೆ ಪಾವರ್‌ಲೂಮು. ಸಕ್ಕರೆ ಕಾಯಿಲೆ ಅವರಿಗೆ ಹಳೆಯ ನೆಂಟ. ಒಂದು ಚಳಿಗಾಲದಲ್ಲಿ ಕಾಲಿನ ಗಾಯ ಕೀವು ಕಟ್ಟಿ, ಜ್ವರ ಏರಿ, ದೂರದ ದೊಡ್ಡ ಆಸ್ಪತ್ರೆಯೊಂದರಲ್ಲಿ ಒಂಬತ್ತು ದಿನ ಮಲಗಿದರು. ಕಾಲು ಉಳಿಯಿತು. ವೈದ್ಯರು ಒಳ್ಳೆಯವರು, ಚಿಕಿತ್ಸೆಯೂ ಒಳ್ಳೆಯದೇ ಆಗಿತ್ತು. ಹತ್ತನೆಯ ದಿನ, ಶನಿವಾರ ಸಂಜೆ, ಬಿಲ್ಲು ಕಟ್ಟಿದ ಮೇಲೆ ಮಗನ ಕೈಗೆ ಒಂದು ಫೈಲು, ಗುಳಿಗೆ ತುಂಬಿದ ಒಂದು ಪ್ಲಾಸ್ಟಿಕ್ ಚೀಲ ಬಂದವು. "ಎಲ್ಲಾ ಬರೆದಿದೆ, ಹದಿನೈದು ದಿನ ಬಿಟ್ಟು ತೋರಿಸಿ" ಎಂದು ಕೌಂಟರಿನವರು ಹೇಳಿದರು. ಬಾಡಿಗೆ ಕಾರು ಕಾಯುತ್ತಿತ್ತು. ಹೊರಟು ಬಂದರು.

ಮನೆಯಲ್ಲಿ ಗುಳಿಗೆ ಕೊಡುವವರು ನಮ್ಮ ಮುಮಾನಿ. ಅವರು ಉರ್ದು ಶಾಲೆಯಲ್ಲಿ ನಾಲ್ಕನೆಯ ತರಗತಿಯವರೆಗೆ ಓದಿದವರು. ಮಾಮುವಿನ ಹಳೆಯ ಸಕ್ಕರೆ ಗುಳಿಗೆಗಳು ಬಿಸ್ಕತ್ತಿನ ಡಬ್ಬಿಯಲ್ಲಿ ಹಾಗೇ ಇದ್ದವು. ಆಸ್ಪತ್ರೆಯಿಂದ ಬಂದ ಹೊಸ ಗುಳಿಗೆಗಳೆಲ್ಲ ಕಾಲಿನ ಗಾಯಕ್ಕೆ ಎಂದು ಅವರು ತಿಳಿದರು. ಯಾವುದೂ ತಪ್ಪಬಾರದೆಂದು ಹಳೆಯದನ್ನೂ ಹೊಸದನ್ನೂ ನಿಷ್ಠೆಯಿಂದ ಕೊಟ್ಟರು. ಮೂರನೆಯ ದಿನ ಫಜರ್‌ಗೆ ಮುಂಚೆ ಮಾಮು ಬೆವತು ತೊಯ್ದುಹೋಗಿದ್ದರು. ಕೈ ನಡುಗುತ್ತಿತ್ತು, ಮಾತು ತೊದಲುತ್ತಿತ್ತು. ಪಕ್ಕದ ಮನೆಯವರೊಬ್ಬರು ಸಕ್ಕರೆ ನೀರು ಕುಡಿಸಿದರು, ಊರಿನ ದವಾಖಾನೆಗೆ ಒಯ್ದರು. ಜೀವ ಉಳಿಯಿತು.

ಕಾರಣ ಗೊತ್ತಾದದ್ದು ಮರುದಿನ. ಮಗ ಗಾಯಕ್ಕೆ ಕಟ್ಟುವ ಬಟ್ಟೆ ತರಲು ಔಷಧಿ ಅಂಗಡಿಗೆ ಹೋದಾಗ ಈ ಸಂಗತಿ ಹೇಳಿದ. ಅಂಗಡಿಯಾತ, "ಮನ್ಯಾಗ ಏನೇನ್ ಗುಳಗಿ ಅದಾವ ಎಲ್ಲಾ ತಗೊಂಡ ಬರ್ರಿ ಅಣ್ಣಾರ" ಎಂದ. ಡಬ್ಬಿಯನ್ನೂ ಚೀಲವನ್ನೂ ಕೌಂಟರಿನ ಮೇಲೆ ಸುರಿದು ಒಂದೊಂದೇ ತಿರುವಿ ನೋಡಿದ. ಎರಡು ಪಟ್ಟಿಗಳನ್ನು ಬೇರೆ ಇಟ್ಟು ಹೇಳಿದ: "ಇವೆರಡೂ ಒಂದ ಗುಳಗಿ ಅದಾವ್ರಿ. ಹೆಸರಷ್ಟ ಬ್ಯಾರೆ."

ಅಷ್ಟು ಹೇಳಲು ಆತನಿಗೆ ಬೇಕಾದದ್ದು ಐದು ನಿಮಿಷ. ಆ ಐದು ನಿಮಿಷ ಶನಿವಾರ ಸಂಜೆ ಯಾರ ಬಳಿಯೂ ಇರಲಿಲ್ಲ. ಒಂಬತ್ತು ದಿನ ಹಗಲಿರುಳು ನೋಡಿಕೊಂಡ ವ್ಯವಸ್ಥೆ ಹತ್ತನೆಯ ದಿನದ ಕೊನೆಯ ಐದು ನಿಮಿಷದಲ್ಲಿ ಕೈಬಿಟ್ಟಿತು. ನಾನು ಇಲ್ಲಿ ಚರ್ಚಿಸಬೇಕೆಂದಿರುವುದು ಆ ಐದು ನಿಮಿಷದ ಬಗ್ಗೆ.

ಯಾರಿಗೆ ಬರೆದ ಬರಹ?

ಕಥೆ ಬರೆಯುವವನಾದ್ದರಿಂದ ಬರಹ ಕಂಡಾಗ ನನಗೆ ಮೊದಲು ಏಳುವ ಪ್ರಶ್ನೆ, ಇದನ್ನು ಯಾರಿಗಾಗಿ ಬರೆದಿದ್ದಾರೆ ಎಂಬುದು. ಮಾಮುವಿನ ಬಿಡುಗಡೆ ಚೀಟಿಯನ್ನು ಒಂದು ಸಂಜೆ ಕೂತು ಹಾಗೆಯೇ ಓದಿದೆ. ನಾಲ್ಕು ಪುಟ. ಮೊದಲ ಎರಡೂವರೆ ಪುಟ ರಕ್ತ, ಮೂತ್ರ, ಎಕ್ಸ್-ರೇಗಳ ವಿವರ. ಮೂರನೆಯ ಪುಟದ ಕೆಳಗೆ ಗುಳಿಗೆಗಳ ಪಟ್ಟಿ. ಕೊನೆಗೆ ಒಂದು ಸಾಲಿನ ಸಲಹೆ. ಎಲ್ಲವೂ ಇಂಗ್ಲಿಷಿನಲ್ಲಿ, ಅದೂ ಅರ್ಧ ಪದಗಳಲ್ಲಿ. ಇದು ಒಬ್ಬ ವೈದ್ಯ ಇನ್ನೊಬ್ಬ ವೈದ್ಯನಿಗೆ ಬರೆದ ಪತ್ರ. ಆ ಮಟ್ಟಿಗೆ ಒಳ್ಳೆಯ ಪತ್ರವೇ. ಮುಂದೆ ಯಾವ ವೈದ್ಯ ನೋಡಿದರೂ ಅವರಿಗೆ ಬೇಕಾದದ್ದೆಲ್ಲ ಅದರಲ್ಲಿದೆ. ಆದರೆ ಅದನ್ನು ಕೊಟ್ಟು ಕಳಿಸಿದ್ದು ಮುಮಾನಿಯ ಮನೆಗೆ. ಹಳೆಯ ಗುಳಿಗೆಗಳನ್ನು ಏನು ಮಾಡಬೇಕು ಎಂಬ ಒಂದೇ ಒಂದು ಸಾಲು ಆ ನಾಲ್ಕು ಪುಟಗಳಲ್ಲಿ ಎಲ್ಲಿಯೂ ಇಲ್ಲ. ಯಾವುದು ಹೊಸದು, ಯಾವುದು ಹಳೆಯದಕ್ಕೆ ಬದಲಾಗಿ ಬಂದದ್ದು, ಯಾವುದು ಹತ್ತು ದಿನಕ್ಕೆ ಮಾತ್ರ, ಯಾವುದು ಜೀವಮಾನಕ್ಕೆ ಎಂಬುದು ಮನೆಯವರಿಗೆ ತಿಳಿಯುವಂತಿಲ್ಲ.

ಭಾಷೆಯ ತೊಡಕು ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದಿಸಿದ ಮಾತ್ರಕ್ಕೆ ಮುಗಿಯುವಂಥದ್ದಲ್ಲ. ಚೀಟಿಯಲ್ಲಿ ದಿನಕ್ಕೆರಡು ಸಲ ಎನ್ನಲು ಬಿ.ಡಿ. ಎಂದು ಬರೆಯುತ್ತಾರೆ. ಅದು ಲ್ಯಾಟಿನ್ ಮಾತಿನ ಮೊದಲಕ್ಷರಗಳು. ಅದನ್ನೇ ಕೂಡಿಸಿ ಓದಿದರೆ ಕನ್ನಡದಲ್ಲಿ "ಬಿಡಿ" ಎಂದಾಗುತ್ತದೆ! ಮಲಗುವಾಗ ಎನ್ನಲು ಎಚ್.ಎಸ್., ಬೇಕಾದಾಗ ಮಾತ್ರ ಎನ್ನಲು ಎಸ್.ಒ.ಎಸ್. ಈಚೆಗೆ 1-0-1 ಎಂದು ಬರೆಯುವ ರೂಢಿ ಬಂದದ್ದು ಎಷ್ಟೋ ವಾಸಿ. ಆದರೆ ಅದರಲ್ಲೂ ಊಟಕ್ಕೆ ಮೊದಲೋ ನಂತರವೋ ಎಂಬುದನ್ನು ಬಾಯಲ್ಲಿ ಹೇಳಲೇಬೇಕು. ನಮ್ಮ ಉರ್ದುವಿನಲ್ಲಿ "ನಿಹಾರ್ ಮೂಂಹ್" ಎಂದರೆ ಬರಿಹೊಟ್ಟೆ, ಬಾಯಿಗೆ ಏನೂ ಹಾಕದ ಹೊತ್ತು. ನಮ್ಮದೇ ಸೀಮೆಯ ಕನ್ನಡದಲ್ಲಿ "ನ್ಯಾರಿ" ಎಂದರೆ ಬೆಳಗಿನ ತಿಂಡಿ. ಒಂದೇ ಬೇರಿನಿಂದ ಬಂದಂತೆ ಕಾಣುವ ಎರಡು ಮಾತು ಒಂದೇ ಓಣಿಯ ಎರಡು ಮನೆಗಳಲ್ಲಿ ಎದುರುಬದುರು ಅರ್ಥ ಕೊಡುತ್ತವೆ. ಇದು ಗೊತ್ತಿರುವುದು ಆ ಓಣಿಯ ಅಂಗಡಿಯವನಿಗೇ ಹೊರತು ನೂರು ಮೈಲಿ ದೂರದ ಆಸ್ಪತ್ರೆಯ ಕಂಪ್ಯೂಟರಿಗಲ್ಲ.

ಈ ದೂರವೂ ಮುಖ್ಯ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಲ್ಲಿ ಸರ್ಕಾರಿ ಆಸ್ಪತ್ರೆಗಳೂ ಖಾಸಗಿ ದವಾಖಾನೆಗಳೂ ಇವೆ. ಆದರೆ ಕಾಯಿಲೆ ದೊಡ್ಡದಾದರೆ ನಾವು ಊರು ಬಿಡುತ್ತೇವೆ. ಕೆಲವರು ಬಾಗಲಕೋಟೆ, ವಿಜಯಪುರಕ್ಕೆ, ಕೆಲವರು ಬೆಳಗಾವಿ, ಹುಬ್ಬಳ್ಳಿಗೆ ಹೋಗುತ್ತಾರೆ. ಕೃಷ್ಣೆಯ ಈ ದಂಡೆಯ ಎಷ್ಟೋ ಮನೆತನಗಳಿಗೆ ಮಹಾರಾಷ್ಟ್ರದ ಮಿರಜ್ ತವರಿನಂತೆ. ಅಲ್ಲಿ ವಿಲಿಯಂ ವಾನ್ಲೆಸ್ ಅವರು 1894ರಲ್ಲಿ ಕಟ್ಟಿದ ಮಿಷನ್ ಆಸ್ಪತ್ರೆಯ ಕಾಲದಿಂದಲೂ ಎತ್ತಿನ ಗಾಡಿಯಲ್ಲಿ, ರೈಲಿನಲ್ಲಿ, ಈಗ ಕಾರಿನಲ್ಲಿ ನಮ್ಮವರು ಹೋಗಿಬರುತ್ತಿದ್ದಾರೆ. ಹೀಗೆ ಹೊರ ಊರಿನಿಂದ ಬಂದ ರೋಗಿಯ ಚೀಟಿಯಲ್ಲಿರುವ ಕಂಪೆನಿಯ ಗುಳಿಗೆ ನಮ್ಮ ಊರಿನ ಅಂಗಡಿಯಲ್ಲಿ ಸಿಗದಿರಬಹುದು. ಅದೇ ಔಷಧ ಬೇರೆ ಹೆಸರಿನಲ್ಲಿ ಸಿಗುತ್ತದೆ. ಬರೆದುಕೊಟ್ಟ ವೈದ್ಯರು ಎದುರಿಗಿಲ್ಲ. ಕೇಳಲು ಇರುವವನು ಅಂಗಡಿಯಾತನೊಬ್ಬನೇ.

ಇನ್ನು "ಮನೆ" ಎಂಬ ಮಾತು. ಮುಧೋಳದ ಕಬ್ಬಿನ ಹೊಲಗಳಿಗೆ ಹಂಗಾಮಿನಲ್ಲಿ ಕಡಿಯಲು ಬರುವ ತಂಡಗಳಿಗೆ ಮನೆಯೆಂದರೆ ಹೊಲದ ಬದಿಯ ಗುಡಿಸಲು. ಫ್ರಿಜ್ಜಿನಲ್ಲಿಡಿ ಎಂದು ಇನ್ಸುಲಿನ್ ಕೊಟ್ಟು ಕಳಿಸಿದರೆ ಅವರು ಎಲ್ಲಿಡಬೇಕು? ಆಲಮಟ್ಟಿಯ ಹಿನ್ನೀರಿನಲ್ಲಿ ಊರು ಕಳೆದುಕೊಂಡು ಪುನರ್ವಸತಿ ಕೇಂದ್ರಗಳಿಗೆ ಬಂದ ಬೀಳಗಿ ತಾಲೂಕಿನ ಜನ ಜಮೀನಿನ ಜೊತೆಗೆ ನೆರೆಹೊರೆಯನ್ನೂ ಕಳೆದುಕೊಂಡರು. ಯಾರಿಗೆ ಯಾವ ರೋಗ, ಯಾರಿಗೆ ಯಾವ ಔಷಧ ಒಗ್ಗುವುದಿಲ್ಲ ಎಂಬುದು ಹಳೆಯ ಊರಿನ ನೆನಪಿನಲ್ಲಿತ್ತು. ಈಗ ಆ ನೆನಪನ್ನು ಕಾಗದದಲ್ಲಿಡಬೇಕು. ಕಾಗದವನ್ನು ಓದುವವರೂ ಬೇಕು.

ಸಣ್ಣ ತಪ್ಪು, ದೊಡ್ಡ ದಂಡ

ಮಾಮುವಿನದು ಅಪರೂಪದ ಪ್ರಕರಣವೆಂದು ತಿಳಿಯಬಾರದು. ಗ್ಲೈಕೊಮೆಟ್-ಜಿಪಿ, ಗ್ಲುಕೊನಾರ್ಮ್-ಜಿ ಎಂಬ ಎರಡು ಹೆಸರು ನೋಡಿದರೆ ಬೇರೆ ಬೇರೆ. ಎರಡರೊಳಗೂ ಇರುವುದು ಗ್ಲಿಮಿಪಿರೈಡ್ ಮತ್ತು ಮೆಟ್‌ಫಾರ್ಮಿನ್. ಹೃದಯದ ರೋಗಿಯ ಮನೆಯಲ್ಲಿ ಹಳೆಯ ಎಕೋಸ್ಪ್ರಿನ್ ಇರುತ್ತದೆ. ಹೊಸ ಚೀಟಿಯಲ್ಲಿ ಕ್ಲೋಪಿಟ್ಯಾಬ್-ಎ ಬರುತ್ತದೆ. ಆ "ಎ" ಅಂದರೆ ಆಸ್ಪಿರಿನ್, ಎಕೋಸ್ಪ್ರಿನ್ನಿನಲ್ಲಿ ಇರುವುದೂ ಅದೇ. ಔಷಧಗಳ ಮೂಲ ಹೆಸರನ್ನು ಓದಲಾಗುವಂತೆ, ಸಾಧ್ಯವಾದಷ್ಟು ದೊಡ್ಡಕ್ಷರಗಳಲ್ಲಿ ಬರೆಯಬೇಕೆಂದು ಭಾರತೀಯ ವೈದ್ಯಕೀಯ ಮಂಡಳಿ 2016ರಲ್ಲೇ ನಿಯಮ ತಂದಿತು. ಅದನ್ನು ಇನ್ನೂ ಬಿಗಿಗೊಳಿಸಿದ ರಾಷ್ಟ್ರೀಯ ವೈದ್ಯಕೀಯ ಆಯೋಗದ ನಿಯಮಾವಳಿ 2023ರ ಆಗಸ್ಟ್ ಮೊದಲ ವಾರದಲ್ಲಿ ಹೊರಬಂದು ಅದೇ ತಿಂಗಳು ತಡೆಹಿಡಿಯಲ್ಪಟ್ಟಿತು.

ದುಪ್ಪಟ್ಟು ನುಂಗುವುದು ಒಂದು ಬಗೆ. ನಿಲ್ಲಿಸಬಾರದ್ದನ್ನು ನಿಲ್ಲಿಸುವುದು ಇನ್ನೊಂದು. ಹೃದಯದ ರಕ್ತನಾಳದಲ್ಲಿ ಸ್ಟೆಂಟ್ ಕೂರಿಸಿಕೊಂಡವರು ಎದೆನೋವು ಹೋಯಿತೆಂದು ರಕ್ತ ತೆಳುವಾಗಿಸುವ ಗುಳಿಗೆ ಬಿಟ್ಟರೆ ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟಬಹುದು. ಬಹಳ ದಿನ ಸ್ಟೀರಾಯ್ಡ್ ತೆಗೆದುಕೊಂಡವರು ಒಮ್ಮೆಲೇ ಬಿಟ್ಟರೆ ಅಪಾಯ, ಮೆಲ್ಲಗೆ ಇಳಿಸಿಕೊಂಡು ಬರಬೇಕು. ಕೀಲುವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ ನುಂಗಬೇಕಾದದ್ದು. ಅದನ್ನು ತಪ್ಪಿ ದಿನಾ ನುಂಗಿ ಸತ್ತವರ ವರದಿಗಳು ಅನೇಕ ದೇಶಗಳಿಂದ ಬಂದಿವೆ. ಹತ್ತಿಯ ಧೂಳು ತುಂಬಿದ ಮಗ್ಗದ ಮನೆಗಳಲ್ಲಿ ಉಸಿರಾಟದ ತೊಂದರೆ ಹೊಸತಲ್ಲ. ಯಂತ್ರದಲ್ಲಿಟ್ಟು ಎಳೆದುಕೊಳ್ಳಬೇಕಾದ ಪುಡಿಯ ಕ್ಯಾಪ್ಸೂಲನ್ನು ನೀರಿನ ಜೊತೆ ನುಂಗಿ, "ಔಷಧ ಹತ್ತಲಿಲ್ಲ" ಎನ್ನುವವರಿದ್ದಾರೆ. ಇನ್ಸುಲಿನ್ನಿನ ಲೆಕ್ಕ ಇನ್ನೂ ಸೂಕ್ಷ್ಮ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಬಾಟಲಿಯಲ್ಲಿ ಒಂದು ಮಿಲಿಲೀಟರಿಗೆ 40 ಯೂನಿಟ್, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜು. 100 ಯೂನಿಟ್ಟಿನ ಇನ್ಸುಲಿನ್ನಿಗೆ ಬೇರೆ ಸಿರಿಂಜು. 100ರ ಔಷಧವನ್ನು 40ರ ಸಿರಿಂಜಿನಲ್ಲಿ ಎಳೆದರೆ ಎರಡೂವರೆ ಪಟ್ಟು ಮೈಗೆ ಸೇರುತ್ತದೆ. ಇವೆಲ್ಲ ಶಸ್ತ್ರಚಿಕಿತ್ಸಕರ ಕೈಯಲ್ಲಿ ಆಗುವ ತಪ್ಪುಗಳಲ್ಲ. ಮನೆಯ ಪಡಸಾಲೆಯಲ್ಲಿ, ಒಳ್ಳೆಯ ಮನಸ್ಸಿನಿಂದ ಆಗುವ ತಪ್ಪುಗಳು.

ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಔಷಧಗಳಿಂದಾಗುವ ಹಾನಿಯನ್ನು ತಡೆಯುವ ಜಾಗತಿಕ ಕಾರ್ಯಕ್ರಮವನ್ನು ಆರಂಭಿಸಿದಾಗ ಮೂರು ಸಂಗತಿಗಳಿಗೆ ಆದ್ಯತೆ ಕೊಟ್ಟಿತು. ಒಂದು, ಅಪಾಯ ಹೆಚ್ಚಿರುವ ಔಷಧ ಮತ್ತು ಸಂದರ್ಭಗಳು. ಎರಡು, ಒಬ್ಬರೇ ಹಲವು ಔಷಧ ನುಂಗುವುದು. ಮೂರು, ರೋಗಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗುವ ಹೊತ್ತು. ಮಾಮು ಈ ಮೂರಕ್ಕೂ ಸೇರಿದ್ದರು. ನಮ್ಮ ಮನೆಗಳ ಮುದುಕರಲ್ಲಿ ಸೇರದವರು ಎಷ್ಟು ಮಂದಿ?

ಅತ್ತಾರನೋ ಅಂಗಡಿಕಾರನೋ?

ಈಗ ಔಷಧಿ ಅಂಗಡಿಯಾತನ ವಿಷಯಕ್ಕೆ ಬರೋಣ. ನಾವು ಆತನನ್ನು ಏನೆಂದು ತಿಳಿದಿದ್ದೇವೆ? ಚೀಟಿ ಕೊಟ್ಟರೆ ಡಬ್ಬಿ ತೆಗೆದುಕೊಡುವ, ಹತ್ತು ಪರ್ಸೆಂಟು ಬಿಡಿಸಿಕೊಳ್ಳಬೇಕಾದ ವ್ಯಾಪಾರಿ ಎಂದು. ಕಾನೂನು ಹಾಗೆ ತಿಳಿದಿಲ್ಲ. 1940ರ ಔಷಧ ಕಾಯ್ದೆಯಡಿಯ ನಿಯಮಗಳ ಪ್ರಕಾರ ವೈದ್ಯರ ಚೀಟಿಯ ಔಷಧವನ್ನು ನೋಂದಾಯಿತ ಫಾರ್ಮಸಿಸ್ಟ್ ತಾನೇ ಕೊಡಬೇಕು ಅಥವಾ ಖುದ್ದು ನಿಂತು ಕೊಡಿಸಬೇಕು. 1948ರ ಫಾರ್ಮಸಿ ಕಾಯ್ದೆಯ 42ನೆಯ ಕಲಮು ನೋಂದಣಿ ಇಲ್ಲದವರು ಈ ಕೆಲಸ ಮಾಡಬಾರದು ಎನ್ನುತ್ತದೆ. 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಾವಳಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಚೀಟಿ ಬಂದಾಗ ಫಾರ್ಮಸಿಸ್ಟ್ ತಾನಾಗಿಯೇ ರೋಗಿಯ ಜೊತೆ ಅಥವಾ ರೋಗಿಯನ್ನು ನೋಡಿಕೊಳ್ಳುವವರ ಜೊತೆ ಮಾತನಾಡಬೇಕು. ಔಷಧದ ಹೆಸರೇನು, ಯಾಕೆ, ಎಷ್ಟು, ಎಷ್ಟು ದಿನ, ಏನು ತೊಂದರೆಯಾಗಬಹುದು, ಹೇಗೆ ಇಡಬೇಕು, ಒಂದು ಹೊತ್ತು ತಪ್ಪಿದರೆ ಏನು ಮಾಡಬೇಕು ಎಂಬುದನ್ನು ತಿಳಿಸಬೇಕು. ಎದುರು ಸಿಗದಿದ್ದರೆ ಫೋನಿನಲ್ಲಾದರೂ ತಿಳಿಸಬೇಕು. ರಬಕವಿಯ ಆ ಅಂಗಡಿಯಾತ ಮಾಡಿದ್ದು ಉಪಕಾರವೆಂದು ನಮ್ಮ ಮನೆಯವರು ಇಂದಿಗೂ ಹೇಳುತ್ತಾರೆ. ಕಾನೂನಿನ ಕಣ್ಣಿನಲ್ಲಿ ಅದು ಅವನ ಕರ್ತವ್ಯ, ನಮ್ಮ ಹಕ್ಕು.

ನಮ್ಮ ಪರಂಪರೆಯೂ ಇದನ್ನು ಬಲ್ಲದು. ಯುನಾನಿ ವೈದ್ಯದಲ್ಲಿ ಹಕೀಮರು ನುಸ್ಖಾ ಬರೆದರೆ ಅತ್ತಾರ ಅದನ್ನು ಕಟ್ಟಿಕೊಡುತ್ತಿದ್ದ. ಅಬ್ಬಾಸಿಯರ ಕಾಲದ ಬಗ್ದಾದಿನಲ್ಲಿ ಔಷಧ ಕಟ್ಟುವ ವಿದ್ಯೆ ವೈದ್ಯಕ್ಕಿಂತ ಬೇರೆಯ ಕಸುಬಾಗಿ ಬೆಳೆಯಿತು. ಪೇಟೆಯ ಮೇಲ್ವಿಚಾರಕ ಮುಹ್ತಸಿಬ್ ಅವರ ಅಂಗಡಿಗಳನ್ನೂ ತಪಾಸಣೆ ಮಾಡುತ್ತಿದ್ದ. ಹಿಂದೂಸ್ತಾನದ ಬಗ್ಗೆ ಬರೆದ ಅಲ್‌ಬಿರೂನಿಯ ಹೆಸರು ನಮ್ಮ ಓದುಗರಿಗೆ ಗೊತ್ತು. ಆತ ಹನ್ನೊಂದನೆಯ ಶತಮಾನದಲ್ಲಿ, ತನ್ನ ಇಳಿವಯಸ್ಸಿನಲ್ಲಿ, ಔಷಧಗಳ ಬಗ್ಗೆ "ಕಿತಾಬುಸ್ಸೈದನಾ" ಎಂಬ ದೊಡ್ಡ ಗ್ರಂಥ ರಚಿಸಿದ. ಅದರಲ್ಲಿ ಒಂದೊಂದು ಔಷಧಕ್ಕೂ ಅರಬಿ, ಯುನಾನಿ, ಸಿರಿಯಾಕ್, ಫಾರ್ಸಿ, ಹಿಂದೂಸ್ತಾನದ ಭಾಷೆಗಳಲ್ಲಿರುವ ಹೆಸರುಗಳನ್ನು ಪಕ್ಕಪಕ್ಕದಲ್ಲಿ ಕೊಡುತ್ತಾನೆ. ಒಂದೇ ವಸ್ತುವಿಗೆ ಹತ್ತು ಹೆಸರಿದ್ದರೆ ಅವೆಲ್ಲ ಒಂದೇ ಎಂದು ತಿಳಿದವನು ಬೇಕು ಎಂಬುದು ಆ ಗ್ರಂಥ ನನಗೆ ಕಲಿಸಿದ ಪಾಠ. "ಇವೆರಡೂ ಒಂದ ಗುಳಗಿ ಅದಾವ್ರಿ" ಎಂಬ ಮಾತಿನ ಹಿಂದೆ ಇರುವುದೂ ಅದೇ ವಿದ್ಯೆ. ಆದರೆ ಹಿಂದಿನವರ ಹೆಸರು ಹೇಳಿ ಜಲ್ಸಾಗಳಲ್ಲಿ ಎದೆಯುಬ್ಬಿಸುವುದು ನಮಗೆ ಸುಲಭ. ಕೈರೋದಲ್ಲಿ 1284ರಲ್ಲಿ ಕಟ್ಟಿದ ಮನ್ಸೂರಿ ಆಸ್ಪತ್ರೆಯಲ್ಲಿ ಗುಣವಾಗಿ ಹೊರಡುವ ಬಡವನಿಗೆ ಕೂಡಲೇ ದುಡಿಯಲು ಹೋಗದಿರಲೆಂದು ಖರ್ಚಿಗೆ ಹಣ ಕೊಡುತ್ತಿದ್ದರೆಂದು ಚರಿತ್ರೆಕಾರರು ಬರೆಯುತ್ತಾರೆ. ಅದನ್ನು ಭಾಷಣದಲ್ಲಿ ಹೇಳುವ ನಾವು ನಮ್ಮ ಓಣಿಗೆ ಆಸ್ಪತ್ರೆಯಿಂದ ಬಂದವರ ಗುಳಿಗೆ ಚೀಲವನ್ನು ಎಂದಾದರೂ ಬಿಚ್ಚಿ ನೋಡಿದ್ದೇವೆಯೇ?

ಗೋಡೆಯ ಮೇಲಿನ ಸರ್ಟಿಫಿಕೇಟು

ಎಲ್ಲ ಅಂಗಡಿಗಳೂ ರಬಕವಿಯ ಆ ಅಂಗಡಿಯಂತಿಲ್ಲ ಎಂಬುದನ್ನೂ ಹೇಳಬೇಕು. ಸರ್ಟಿಫಿಕೇಟು ಗೋಡೆಯ ಮೇಲೆ, ಸರ್ಟಿಫಿಕೇಟಿನ ಯಜಮಾನ ಬೇರೆ ಊರಿನಲ್ಲಿ, ಕೌಂಟರಿನಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗ: ಇದು ದೇಶದಾದ್ಯಂತ ಎಲ್ಲರಿಗೂ ಗೊತ್ತಿರುವ ಗುಟ್ಟು. ಆ ಹುಡುಗ ಚುರುಕಿನವನೇ. ಕಪಾಟಿನಲ್ಲಿ ಯಾವ ಡಬ್ಬಿ ಎಲ್ಲಿದೆ ಎಂದು ಕಣ್ಣುಮುಚ್ಚಿ ಹೇಳುತ್ತಾನೆ. ಆದರೆ ಆ ಡಬ್ಬಿಯೊಳಗಿನದು ಮೈಯೊಳಗೆ ಹೋಗಿ ಏನು ಮಾಡುತ್ತದೆ ಎಂದು ಅವನಿಗೆ ಯಾರೂ ಕಲಿಸಿಲ್ಲ. ಸರ್ಟಿಫಿಕೇಟು ಬಾಡಿಗೆಗೆ ಕೊಡುವವರಲ್ಲಿ, ಪಡೆಯುವವರಲ್ಲಿ ಎಲ್ಲ ಸಮುದಾಯದವರೂ ಇದ್ದಾರೆ, ನಮ್ಮವರೂ ಇದ್ದಾರೆ. ಬೆಂಗಳೂರಿನ ಅಲ್-ಅಮೀನ್, ಕಲಬುರಗಿಯ ಲುಕ್ಮಾನ್, ಬಾಗಲಕೋಟೆಯ ಹಾನಗಲ್ ಶ್ರೀ ಕುಮಾರೇಶ್ವರ, ಹೀಗೆ ಫಾರ್ಮಸಿ ಕಾಲೇಜುಗಳು ನಮ್ಮ ಸೀಮೆಯಲ್ಲೂ ರಾಜ್ಯದಲ್ಲೂ ಸಾಕಷ್ಟಿವೆ. ಲುಕ್ಮಾನ್ ಹಕೀಮರ ಹೆಸರಿನ ಕಾಲೇಜಿನಲ್ಲೋ ಇನ್ನೊಂದರಲ್ಲೋ ಕಲಿತ ವಿದ್ಯೆ ಗೋಡೆಗೆ ಮೊಳೆ ಹೊಡೆಯುವುದಕ್ಕೆ ಮಾತ್ರ ಉಪಯೋಗವಾದರೆ ಅದು ಅಮಾನತ್ತಿಗೆ ಬಗೆಯುವ ದ್ರೋಹ.

ಅಂಗಡಿಯವರ ಮಾತನ್ನೂ ಕೇಳಬೇಕು. ಅವರು ಹೇಳುವುದರಲ್ಲಿ ಸತ್ಯವಿದೆ. "ಸಂತೆ ದಿನ ಕೌಂಟರಿನ ಮುಂದೆ ಇಪ್ಪತ್ತು ಮಂದಿ ನಿಂತಿರುತ್ತಾರೆ, ಒಬ್ಬರಿಗೆ ಐದು ನಿಮಿಷ ಕೊಟ್ಟರೆ ಉಳಿದವರು ಪಕ್ಕದ ಅಂಗಡಿಗೆ ಹೋಗುತ್ತಾರೆ" ಎನ್ನುತ್ತಾರೆ. "ಗುಳಿಗೆ ಮಾರಿದರೆ ದುಡ್ಡು, ಮಾತಿಗೆ ಯಾರು ದುಡ್ಡು ಕೊಡುತ್ತಾರೆ?" ಎನ್ನುತ್ತಾರೆ. "ಈ ಎರಡು ಗುಳಿಗೆ ಒಂದೇ, ವೈದ್ಯರನ್ನು ಕೇಳಿ ಎಂದರೆ ಕೆಲವು ವೈದ್ಯರಿಗೆ ಸಿಟ್ಟು ಬರುತ್ತದೆ" ಎಂಬುದು ಅವರ ಇನ್ನೊಂದು ದೂರು. ವೈದ್ಯರ ಕಡೆಯ ಅಳುಕೂ ಸುಳ್ಳಲ್ಲ. ಔಷಧಿ ಅಂಗಡಿಯಲ್ಲೇ ರೋಗ ಹೇಳಿಕೊಂಡು ಆಂಟಿಬಯಾಟಿಕ್ ಒಯ್ಯುವ ಚಾಳಿ ನಮ್ಮಲ್ಲಿ ಬೇರೂರಿದೆ. ಫಾರ್ಮಸಿಸ್ಟನಿಗೆ ಇನ್ನಷ್ಟು ಸಲುಗೆ ಕೊಟ್ಟರೆ ಆತ ವೈದ್ಯನಾಗಿಬಿಟ್ಟಾನೆಂಬ ಭಯ ಅವರದು. ಆದರೆ ನಾನು ಕೇಳುತ್ತಿರುವುದು ಔಷಧ ಬದಲಿಸುವ ಅಧಿಕಾರವನ್ನಲ್ಲ. ಹಳೆಯದನ್ನೂ ಹೊಸದನ್ನೂ ಒಟ್ಟಿಗೆ ಇಟ್ಟು ನೋಡುವುದು, ಅನುಮಾನ ಬಂದರೆ ಬರೆದ ವೈದ್ಯರಿಗೇ ಫೋನು ಮಾಡುವುದು, ಮನೆಯವರಿಗೆ ತಿಳಿಯುವ ಮಾತಿನಲ್ಲಿ ಹೇಳುವುದು. ಇಷ್ಟು ಮಾಡುವವನು ವೈದ್ಯರ ಎದುರಾಳಿಯಲ್ಲ. ಅವರ ಚಿಕಿತ್ಸೆಯನ್ನು ಮನೆಯತನಕ ಮುಟ್ಟಿಸುವವನು.

ಇದು ಆಗದ ಮಾತೂ ಅಲ್ಲ. ಇಂಗ್ಲೆಂಡಿನಲ್ಲಿ 2021ರ ಫೆಬ್ರವರಿಯಿಂದ ಆಸ್ಪತ್ರೆಯೇ ಬಿಡುಗಡೆಯಾದ ರೋಗಿಯ ಔಷಧಗಳ ವಿವರವನ್ನು ಅವರ ಊರಿನ ಔಷಧಿ ಅಂಗಡಿಗೆ ಕಳಿಸುವ ಏರ್ಪಾಡಿದೆ. ಅಲ್ಲಿನ ಫಾರ್ಮಸಿಸ್ಟ್ ಹಳೆಯ ಪಟ್ಟಿಗೂ ಹೊಸ ಪಟ್ಟಿಗೂ ತಾಳೆ ನೋಡಿ ರೋಗಿಯ ಜೊತೆ ಮಾತನಾಡುತ್ತಾನೆ. ಆ ಕೆಲಸಕ್ಕೆ ಸರ್ಕಾರ ಅವನಿಗೆ ಹಣ ಕೊಡುತ್ತದೆ. ಅದು ಶ್ರೀಮಂತ ದೇಶದ ಮಾತು ಎನ್ನಬಹುದು. ನಮ್ಮ ಮೈಸೂರಿನ ಜೆಎಸ್‌ಎಸ್ ಫಾರ್ಮಸಿ ಕಾಲೇಜು 1990ರ ದಶಕದಲ್ಲೇ ವಾರ್ಡಿನಲ್ಲಿ ರೋಗಿಯ ಪಕ್ಕ ನಿಂತು ಔಷಧ ನೋಡುವ ಫಾರ್ಮಸಿಸ್ಟರನ್ನು ತಯಾರು ಮಾಡಲು ಹೊರಟಿತು. 2008ರಿಂದ ಆರು ವರ್ಷದ ಫಾರ್ಮ್-ಡಿ ಪದವಿಯೂ ದೇಶದಲ್ಲಿ ಬಂದಿದೆ. ಈ ಪದವೀಧರರಲ್ಲಿ ಎಷ್ಟೋ ಜನ ನಮ್ಮ ಆಸ್ಪತ್ರೆಗಳಲ್ಲಿ ತಕ್ಕ ಹುದ್ದೆ ಸಿಗದೆ ಕಂಪೆನಿಗಳಿಗೆ, ಹೊರದೇಶಗಳಿಗೆ ಹೋಗುತ್ತಾರೆ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್ ಯೋಜನೆಯ ಪ್ಯಾಕೇಜಿನಲ್ಲಿ ಬಿಡುಗಡೆಯ ನಂತರದ 15 ದಿನಗಳ ಔಷಧವೂ ಸೇರಿದೆ. ಇದನ್ನು ತಿಳಿದು ಕೇಳಿ ಪಡೆಯುವವರು ಕಡಿಮೆ. ಹದಿನಾರನೆಯ ದಿನ ಏನು ಮಾಡಬೇಕು ಎಂದು ಹೇಳುವವರು ಅದಕ್ಕಿಂತ ಕಡಿಮೆ. ರಾಜ್ಯ ಸರ್ಕಾರ 2024ರಲ್ಲಿ ಕೋಲಾರದಿಂದ ಆರಂಭಿಸಿದ ಗೃಹ ಆರೋಗ್ಯ ಯೋಜನೆ ಮನೆ ಬಾಗಿಲಿಗೆ ಹೋಗಿ ರಕ್ತದೊತ್ತಡ, ಮಧುಮೇಹ ತಪಾಸಣೆ ಮಾಡುವಂಥದ್ದು. ಅಂಥ ಭೇಟಿಯ ಪಟ್ಟಿಯಲ್ಲಿ ಆಸ್ಪತ್ರೆಯಿಂದ ಆ ವಾರ ಬಂದವರ ಮನೆ ಮೊದಲು ಇರಲಿ, ಗುಳಿಗೆ ಡಬ್ಬಿಯನ್ನೂ ನೋಡಲಿ ಎಂದು ಕೇಳುವುದು ಅತಿಯಾಸೆಯಲ್ಲ.

ಕೌಂಟರಿಗೆ ಬರದವರು

ಕೊನೆಯ ಮಾತು ನಮ್ಮ ಮನೆಗಳ ಬಗ್ಗೆ. ಆಸ್ಪತ್ರೆಯಲ್ಲಿ ಚೀಟಿ ವಿವರಿಸುವುದು ಬಿಲ್ಲು ಕಟ್ಟಿದ ಗಂಡಸಿಗೆ. ಔಷಧಿ ಅಂಗಡಿಗೆ ಹೋಗುವವನೂ ಗಂಡಸೇ. ಗುಳಿಗೆ ಕೊಡುವವರು ಮಾತ್ರ ಹೆಂಡತಿ, ಸೊಸೆ, ಮಗಳು. ಬೆಳಿಗ್ಗೆ ರೊಟ್ಟಿ ಬಡಿದು, ಮಗ್ಗಕ್ಕೆ ಕಂಡಿಕೆ ಸುತ್ತಿಟ್ಟು, ಅದರ ನಡುವೆ ಆರು ಬಗೆಯ ಗುಳಿಗೆಗಳ ಲೆಕ್ಕವನ್ನು ಅವರೇ ಬಣ್ಣದ ಗುರುತಿನ ಮೇಲೆ ಇಟ್ಟುಕೊಂಡಿರುತ್ತಾರೆ. ಕಂಪೆನಿ ಬದಲಾದರೆ ಬಣ್ಣವೂ ಬದಲು, ಲೆಕ್ಕ ತಪ್ಪುತ್ತದೆ. ಆಮೇಲೆ ತಪ್ಪು ಅವರ ತಲೆಗೆ. ಮಾಮುವಿಗೆ ಹಾಗಾದ ದಿನ ನೋಡಲು ಬಂದ ನೆಂಟರೆಲ್ಲ ಮುಮಾನಿಯನ್ನೇ ಅಂದರು. ಅವರು ತಿಂಗಳುಗಟ್ಟಲೆ ಆ ಅಪರಾಧವನ್ನು ಹೊತ್ತು ತಿರುಗಿದರು. ರೋಗಿಯನ್ನು ನೋಡಿಕೊಳ್ಳುವವರ ಜೊತೆ ಮಾತನಾಡಬೇಕೆಂದು 2015ರ ನಿಯಮದಲ್ಲಿ ಇರುವುದು ಯಾರನ್ನು ಕುರಿತು? ಮುಮಾನಿಯಂಥವರನ್ನು ಕುರಿತೇ. ಅವರನ್ನು ಕೌಂಟರಿನವರೆಗೆ ಕರೆದೊಯ್ಯದವರು ನಾವು.

ಕಾಯಿಲೆಯವರನ್ನು ಕಂಡು ಬರುವ ಇಯಾದತ್ ನಮ್ಮಲ್ಲಿ ಪುಣ್ಯದ ಕೆಲಸ. ಹೋಗುತ್ತೇವೆ, ಹಣ್ಣು, ಬಿಸ್ಕತ್ತು ಒಯ್ಯುತ್ತೇವೆ, ದುವಾ ಮಾಡುತ್ತೇವೆ, ಚಹಾ ಕುಡಿದು ನಮ್ಮ ಕಡೆಯ ಒಂದು ಮನೆಮದ್ದನ್ನೂ ಹೇಳಿ ಬರುತ್ತೇವೆ. ಕೋವಿಡ್ ಕಾಲದಲ್ಲಿ ಅನೇಕ ಊರುಗಳ ಜಮಾಅತ್ತಿನ ಹುಡುಗರು ಆಕ್ಸಿಜನ್ ಸಿಲಿಂಡರ್ ಹೊತ್ತು ಜಾತಿ ಧರ್ಮ ನೋಡದೆ ಮನೆಮನೆಗೆ ಓಡಾಡಿದರು. ಆ ಶಕ್ತಿ ಇನ್ನೂ ಇದೆ. ಓಣಿಗೆ ಒಬ್ಬ ಓದಿದ ಹುಡುಗ ಅಥವಾ ಹುಡುಗಿ ಆಸ್ಪತ್ರೆಯಿಂದ ಬಂದವರ ಮನೆಗೆ ಎರಡನೆಯ ದಿನವೇ ಹೋಗಲಿ. ಹಳೆಯ ಡಬ್ಬಿ, ಹೊಸ ಚೀಲ, ಫೈಲು ಮೂರನ್ನೂ ಹಿಡಿದು, ಗುಳಿಗೆ ಕೊಡುವ ಹೆಣ್ಣುಮಗಳನ್ನೂ ಕರೆದುಕೊಂಡು, ನಿಜವಾದ ಫಾರ್ಮಸಿಸ್ಟ್ ಕೂತಿರುವ ಅಂಗಡಿಗೆ, ಗಿರಾಕಿ ಕಡಿಮೆ ಇರುವ ಮಧ್ಯಾಹ್ನದ ಹೊತ್ತಿನಲ್ಲಿ ಹೋಗಲಿ. ಯಾವುದು ನಿಲ್ಲಬೇಕು, ಯಾವುದು ಮುಂದುವರಿಯಬೇಕು, ಯಾವುದು ಎಷ್ಟು ದಿನ ಎಂದು ಕೇಳಿ ಮನೆಯವರು ಓದಬಲ್ಲ ಲಿಪಿಯಲ್ಲಿ, ಕನ್ನಡವೋ ಉರ್ದುವೋ ಮರಾಠಿಯೋ, ಒಂದು ಹಾಳೆಯಲ್ಲಿ ಬರೆಸಿಕೊಳ್ಳಲಿ. ರಮಜಾನ್ ಹತ್ತಿರವಿದ್ದರೆ ರೋಜಾ ಹಿಡಿಯಬಹುದೇ ಎಂದು ವೈದ್ಯರನ್ನು ಕೇಳಿ, ಹಿಡಿಯುವುದಾದರೆ ಸಹರಿ ಇಫ್ತಾರಿನ ಹೊತ್ತಿಗೆ ಗುಳಿಗೆ ಹೇಗೆ ಹಂಚಬೇಕೆಂದು ತಿಳಿಯಲಿ. ಇದಕ್ಕೆ ಚಂದಾ ಎತ್ತಬೇಕಾಗಿಲ್ಲ. ಕಟ್ಟಡ ಕಟ್ಟಬೇಕಾಗಿಲ್ಲ. ಯಾವ ಅಂಗಡಿಯಲ್ಲಿ ಮಾತನಾಡುವ ಫಾರ್ಮಸಿಸ್ಟ್ ಇದ್ದಾನೋ ಅಲ್ಲಿಗೇ ಹೋಗುತ್ತೇವೆ ಎಂದು ಊರಿನ ಜನ ಹಟ ಹಿಡಿದರೆ ಗೋಡೆಯ ಮೇಲಿನ ಸರ್ಟಿಫಿಕೇಟು ಕೆಳಗಿಳಿದು ಕುರ್ಚಿಯಲ್ಲಿ ಕೂರುತ್ತದೆ.

ನನ್ನ ಕಸುಬಿನ ತಪ್ಪನ್ನೂ ಒಪ್ಪಿಕೊಳ್ಳುತ್ತೇನೆ. ನಾನು ಬರೆದ ಕಥೆಗಳಲ್ಲಿ ಆಸ್ಪತ್ರೆಗೆ ಹೋದವರು ಒಂದೋ ಅಲ್ಲೇ ಸಾಯುತ್ತಾರೆ, ಇಲ್ಲವೇ ಗುಣವಾಗಿ ಮನೆಗೆ ಬಂದ ಕೂಡಲೇ ಕಥೆ ಮುಗಿಯುತ್ತದೆ. ಆಮೇಲಿನ ಹದಿನೈದು ದಿನ ನನಗೆ ಕಥೆಯ ವಸ್ತುವಾಗಿ ಕಾಣಲೇ ಇಲ್ಲ. ಆಸ್ಪತ್ರೆಯೂ ಹಾಗೆಯೇ ತಿಳಿದಿದೆ, ಸರ್ಕಾರವೂ ಹಾಗೆಯೇ ತಿಳಿದಿದೆ. ಮಾಮು ಈಗ ಕೋಲು ಊರಿಕೊಂಡು ಮಸೀದಿಗೆ ನಡೆದು ಹೋಗುತ್ತಾರೆ. ಮುಮಾನಿಯ ಬಿಸ್ಕತ್ತಿನ ಡಬ್ಬಿಯ ಮುಚ್ಚಳದ ಒಳಗೆ ಅಂಗಡಿಯಾತ ಹೇಳಿ ಮಗ ಉರ್ದುವಿನಲ್ಲಿ ಬರೆದ ಒಂದು ಹಾಳೆ ಅಂಟಿಸಿದೆ. ಬೆಳಿಗ್ಗೆ ಇದು, ರಾತ್ರಿ ಇದು, ಇದು ಇನ್ನು ಬೇಡ. ಆಸ್ಪತ್ರೆಯ ನಾಲ್ಕು ಪುಟಗಳಿಗಿಂತ ಅವರಿಗೆ ಉಪಯೋಗಕ್ಕೆ ಬಂದದ್ದು ಆ ಒಂದು ಹಾಳೆ.